ದೀರ್ಘಶಾಂತಿ ಎಂಬ ಶಬ್ದ

ಕ್ರೈಸ್ತ ಧರ್ಮದ ಸಾರವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ‘ಪ್ರೀತಿ’ ಎಂದು ಯಾರಾದರೂ ಹೇಳಿಯಾರು. ಆದರೆ ಪ್ರೀತಿಯು ಮನಸ್ಸಿನೊಳಗಿನ ವಸ್ತು. ಅದು ಒಬ್ಬನಲ್ಲಿ ಉಂಟೋ ಇಲ್ಲವೋ ಎಂಬದನ್ನು ನೆರೆಯವನು ತಿಳಿಯುವದು ಮತ್ತೊಂದು ಗುಣದ ಮೂಲಕ. ಆ ಗುಣವೇ ತಾಳ್ಮೆ. ಮಕ್ಕಳ ಹಟ, ಆಳಿನ ಮರೆವು, ಸಾಲಗಾರನ ನೆಪ, ನೆರೆಮನೆಯವರ ಬೇಲಿಯ ತಕರಾರು ಇವುಗಳ ನಡುವೆ ದಿನಕ್ಕೆ ಹತ್ತು ಸಲ ಪರೀಕ್ಷೆಗೊಳಗಾಗುವ ಪ್ರೀತಿಯೇ ನಿಜವಾದ ಪ್ರೀತಿ. ಇಂಥ ದಿನಬಳಕೆಯ ತಾಳ್ಮೆಯನ್ನು ಕನ್ನಡ ಸಾಹಿತ್ಯವು ಹೇಗೆ ಕಂಡಿದೆ ಎಂಬದು ವಿಚಾರಾರ್ಹವಾದ ವಿಷಯ. ಭಟಕಳ, ಹೊನ್ನಾವರ, ಕುಮಟೆಗಳಂಥ ಊರುಗಳಲ್ಲಿ ಗುಡಿ, ಮಸೀದಿ, ಇಗರ್ಜಿಗಳಿಗೆ ಹೋಗುವವರು ಒಂದೇ ಪೇಟೆಯಲ್ಲಿ ಕೊಡುಕೊಳ್ಳುವವರಾದುದರಿಂದ, ಅಲ್ಲಿ ಇದು ಬರಿಯ ಸಾಹಿತ್ಯದ ಪ್ರಶ್ನೆಯಾಗಿ ಉಳಿಯುವದಿಲ್ಲ.

ಮೊದಲು ಶಬ್ದವಿಚಾರ. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕ ಭಾಷೆಯಲ್ಲಿ ಈ ಗುಣಕ್ಕೆ ಎರಡು ಹೆಸರುಗಳಿವೆ. ಒಂದು ‘ಹುಪೊಮೊನೆ’, ಹೊರೆಯ ಅಡಿಯಲ್ಲಿ ಕುಸಿಯದೆ ನಿಲ್ಲುವದು ಎಂದು ಅದರ ಭಾವ. ಇನ್ನೊಂದು ‘ಮಕ್ರೊಥುಮಿಯ’, ಸಿಟ್ಟನ್ನು ದೂರಕ್ಕೆ, ಬಹುಕಾಲ ಮುಂದಕ್ಕೆ ತಳ್ಳುವದು ಎಂದು ಅದರ ಭಾವ. ಮೊದಲನೆಯದು ಹೆಚ್ಚಾಗಿ ಕಷ್ಟಗಳನ್ನು ಕುರಿತದ್ದು, ಎರಡನೆಯದು ಮನುಷ್ಯರನ್ನು ಕುರಿತದ್ದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸರು ಮೊದಲುಮಾಡಿದ ಭಾಷಾಂತರವು 1831ರ ಹೊತ್ತಿಗೆ ಸಂಪೂರ್ಣವಾಗಿ ಮುದ್ರಿತವಾದಂದಿನಿಂದ ಕನ್ನಡ ಬೈಬಲು ಅನೇಕ ಪರಿಷ್ಕರಣಗಳನ್ನು ಕಂಡಿದೆ. ಇಂದು ಬಳಕೆಯಲ್ಲಿರುವ ಪಾಠದಲ್ಲಿ ‘ತಾಳ್ಮೆ’, ‘ಸೈರಣೆ’ಗಳ ಜೊತೆಗೆ ‘ದೀರ್ಘಶಾಂತಿ’ ಎಂಬ ಗಂಭೀರವಾದ ಪದವೊಂದು ನಿಂತಿದೆ. ಇದು ಎರಡನೆಯ ಗ್ರೀಕ ಶಬ್ದಕ್ಕೆ ಬಹಳ ಹತ್ತಿರವಾದದ್ದು. ಈ ಪದವು ಆತ್ಮದ ಫಲಗಳ ಪಟ್ಟಿಯಲ್ಲಿ ಬರುವದು. ಅದಕ್ಕಿಂತ ಮುಖ್ಯವಾಗಿ, ಹಳೆಯ ಒಡಂಬಡಿಕೆಯಲ್ಲಿ ದೇವರ ವಿಶೇಷಣವಾಗಿಯೇ ಬರುವದು. ದಂಡಿಸಲು ಶಕ್ತನಾಗಿಯೂ ದಂಡಿಸಲು ತ್ವರೆ ಮಾಡದವನು ದೀರ್ಘಶಾಂತನು. ಹೀಗೆ ತಾಳ್ಮೆಯು ಸಂಕಟಕ್ಕೊಳಗಾದವನ ಗುಣವಾದರೆ, ದೀರ್ಘಶಾಂತಿಯು ಕೈಯಲ್ಲಿ ಶಕ್ತಿಯುಳ್ಳವನ ಗುಣವೆಂದು ಸಾಮಾನ್ಯವಾಗಿ ಹೇಳಬಹುದು. ಈ ಭೇದವನ್ನು ಮರೆತುದೇ ನಮ್ಮ ಉಪದೇಶಸಾಹಿತ್ಯದ ದೊಡ್ಡ ಕೊರತೆ.

ಕಳೆದ ಶತಮಾನಕ್ಕೂ ಹಿಂದಿನ ಕ್ರೈಸ್ತ ಗದ್ಯವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವದು. ಬನಿಯನ್ನನ ರೂಪಕಕಥೆಯು 19ನೆಯ ಶತಮಾನದ ಮಧ್ಯಭಾಗದಲ್ಲಿ ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ಬಂದು ಕ್ರೈಸ್ತ ಮನೆಗಳಲ್ಲಿ ಮನೆಮಾತಾಯಿತು. ಅದರ ಒಂದು ಪ್ರಸಂಗದಲ್ಲಿ ಆತುರ, ತಾಳ್ಮೆ ಎಂಬ ಎರಡು ಗುಣಗಳು ಇಬ್ಬರು ಬಾಲಕರಾಗಿ ಕುಳಿತಿರುವವು. ಆತುರನು ತನ್ನ ಪಾಲಿನ ಧನವನ್ನು ಇಂದೇ ಬೇಡಿ ಪಡೆದು, ಎಲ್ಲವನ್ನೂ ಹಾಳುಮಾಡಿ ಚಿಂದಿಯುಟ್ಟು ನಿಲ್ಲುವನು. ಇನ್ನೊಬ್ಬನು ಮುಂಬರುವದಕ್ಕಾಗಿ ಸುಮ್ಮನೆ ಕಾಯುವನು. ಚಿತ್ರವು ಮಕ್ಕಳಿಗೂ ತಿಳಿಯುವಷ್ಟು ತಿಳಿಯಾಗಿದೆ, ನೀತಿಯೂ ಒಳ್ಳೆಯದೇ. ಆದರೆ ಆ ತಾಳ್ಮೆಯ ಬಾಲಕನ ಮುಂದೆ ಮತ್ತೊಬ್ಬ ಮನುಷ್ಯನಿಲ್ಲ. ಅವನು ಕಾಯುವದು ತನ್ನ ಪಾಲಿಗಾಗಿ. ಲಾಭದ ಕಡೆ ಕಣ್ಣಿಟ್ಟು ಕಾಯುವದು ವಿವೇಕವಾದೀತು; ಅದನ್ನು ಪ್ರೀತಿಯೆಂದು ಕರೆಯುವದು ಕಷ್ಟ.

ಇದಕ್ಕಿಂತ ಬಹು ಎತ್ತರದ ಕೃತಿ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. 1883ರಲ್ಲಿ ಹುಟ್ಟಿ, 1949ರಲ್ಲಿ ಮದ್ರಾಸು ಸರಕಾರದಿಂದ ರಾಷ್ಟ್ರಕವಿಯೆಂದು ಗೌರವ ಪಡೆದ ಈ ಕೊಂಕಣಿ ಮಾತೃಭಾಷೆಯ ಕನ್ನಡ ಕವಿಗಳು, ಯೇಸುವಿನ ಕೊನೆಯ ದಿನವನ್ನು ಖಂಡಕಾವ್ಯದ ವಸ್ತುವಾಗಿ ಆರಿಸಿಕೊಂಡರು. ಬುದ್ಧನ ನಿರ್ವಾಣವನ್ನು ‘ವೈಶಾಖಿ’ಯಲ್ಲಿ ಹಾಡಿದ ಲೇಖನಿಯೇ ಇದನ್ನೂ ಬರೆಯಿತು. ಅನ್ಯಮತದ ಮಹಾಪುರುಷನನ್ನು ತನ್ನವನೆಂಬ ಭಕ್ತಿಯಿಂದ ಕಾಣುವ ಈ ಔದಾರ್ಯವು ಕರಾವಳಿಯ ಸಂಸ್ಕೃತಿಗೆ ಭೂಷಣ. ಭಾಷೆ ಪ್ರೌಢ, ಪದಬಂಧ ಬಿಗಿ, ದೃಶ್ಯಗಳು ಘನ. ಬಲವಿದ್ದೂ ಬಲವನ್ನು ಬಳಸದವನ ಕಥೆಯಾದುದರಿಂದ ದೀರ್ಘಶಾಂತಿಯ ಶಿಖರವೇ ಇಲ್ಲಿಯ ವಸ್ತುವೆನ್ನಬೇಕು.

ಆದರೂ ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿ ಒಂದು ಸಂಶಯ ಉಳಿಯುವದು. ಶಿಲುಬೆಯ ತಾಳ್ಮೆಯು ಒಂದು ದಿನದ್ದು. ಆ ದಿನವೂ ಲೋಕದಲ್ಲಿ ಒಮ್ಮೆ ಮಾತ್ರ ಬಂದದ್ದು. ವಾಚಕನು ಕಣ್ಣೀರಿಟ್ಟು ಪುಸ್ತಕವನ್ನು ಮುಚ್ಚಿ, ಅದೇ ಸಂಜೆ ತಡಮಾಡಿ ಬಂದ ಆಳಿನ ಮೇಲೆ ಹರಿಹಾಯುವದು ಅಸಂಭವವೇನೂ ಅಲ್ಲ. ಎತ್ತರದ ಆದರ್ಶವು ಪೂಜೆಯನ್ನು ಬೇಗ ಪಡೆಯುವದು, ಅನುಕರಣವನ್ನು ತಡವಾಗಿ ಪಡೆಯುವದು. ಇದು ಕವಿಯ ದೋಷವಲ್ಲ. ಖಂಡಕಾವ್ಯಕ್ಕೆ ಒಂದು ಶಿಖರ ಸಾಕು. ಆದರೆ ಬೆಟ್ಟದ ಮೇಲಿನ ಆ ಕ್ಷಮೆಯನ್ನು ಮನೆಯ ಜಗಲಿಗೆ ಇಳಿಸುವ ಬರಹವೂ ಸಾಹಿತ್ಯಕ್ಕೆ ಬೇಕು.

ಆ ಜಗಲಿಯ ಭಾಷೆ ಕನ್ನಡಕ್ಕೆ ಹೊಸದಲ್ಲ. ಘಟ್ಟದ ಮೇಲಣ ಸೋದೆಯಲ್ಲಿ ನೆಲೆಸಿದ ವಾದಿರಾಜರು 16ನೆಯ ಶತಮಾನದಲ್ಲಿಯೇ ತಾಳುವಿಕೆಯನ್ನು ತಪಸ್ಸುಗಳಲ್ಲಿ ಮೊದಲನೆಯದೆಂದು ಕೀರ್ತನೆ ಹಾಡಿದರು. ಆ ಕೀರ್ತನೆಯ ಹೆಚ್ಚಳವು ಅದರ ದೃಷ್ಟಾಂತಗಳಲ್ಲಿದೆ. ಕಟುವಾಗಿ ಆಡುವವನ ಮಾತು, ನೆಟ್ಟ ಸಸಿ ಫಲ ಕೊಡುವ ತನಕದ ಕಾಲ, ಪ್ರಯಾಣಿಕನ ಬುತ್ತಿ ಇವೆಲ್ಲ ದಿನವೂ ಕಣ್ಣಿಗೆ ಬೀಳುವ ಸಂಗತಿಗಳು. ಮಾಧ್ವ ಯತಿಗಳ ಈ ಪದವನ್ನು ಕ್ರೈಸ್ತ ಗೃಹಸ್ಥನು ಒಂದು ಅಕ್ಷರವನ್ನೂ ಬದಲಿಸದೆ ತನ್ನ ಮಕ್ಕಳಿಗೆ ಕಲಿಸಬಹುದು. ‘ತಾಳಿದವನು ಬಾಳಿಯಾನು’ ಎಂಬ ಗಾದೆಯೂ ಇದೇ ಜಾತಿಯದು. ಆದರೆ ಇವೆರಡರಲ್ಲಿಯೂ ತಾಳುವವನ ಹಿತವೇ ಮುಂದಾಗಿದೆ. ತಾಳಿಸಿಕೊಳ್ಳುವವನ ಹಿತವು ಹಿನ್ನೆಲೆಯಲ್ಲಿ ಉಳಿದಿದೆ. ಕನ್ನಡದ ಈ ನೆಲಗಟ್ಟಿನ ಮಾತಿಗೆ ಕ್ರೈಸ್ತರ ಪರಹಿತದ ಪ್ರೀತಿಯು ಕೂಡಿದರೆ ದೀರ್ಘಶಾಂತಿಯ ಪೂರ್ಣರೂಪ ಕಾಣಿಸೀತು.

ಗ್ರಂಥದಲ್ಲಿ ವಿರಳವಾದದ್ದು ಬಾಳಿನಲ್ಲಿ ಒಮ್ಮೊಮ್ಮೆ ದೊರೆಯುವದು. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜರು 1681ರಲ್ಲಿ ಕನ್ನಡ ಕರಾವಳಿಗೆ ಬಂದು, ಹೊನ್ನಾವರದಿಂದ ಮಂಗಳೂರಿನ ವರೆಗೆ ಸುಮಾರು ಮೂರು ವರ್ಷ ದುಡಿದರು. ಅದು ಕೆಳದಿಯ ಚೆನ್ನಮ್ಮಾಜಿಯ ಕಾಲ. ಭಟಕಳ, ಚಂದಾವರ, ಮಿರ್ಜಾನಗಳಲ್ಲಿ ಇಗರ್ಜಿ ಕಟ್ಟಲು 1678ರ ಒಪ್ಪಂದದಿಂದ ಪೋರ್ತುಗೀಜರಿಗೆ ಆಗಲೇ ಅನುಮತಿ ದೊರೆತಿದ್ದಿತು. ಆದರೆ ಅಂದು ಕ್ರೈಸ್ತರೊಳಗೇ ಕಲಹ. ಪೋರ್ತುಗಾಲದ ಅರಸನ ಹಕ್ಕಿಗೆ ಸೇರಿದ ಗೋವೆಯ ಆರ್ಚಬಿಷಪರು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕವಾದ ಬಿಷಪ ತೊಮಾಸ್ ದ ಕಾಸ್ತ್ರೋ ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂದು ತಿಳಿಯದೆ ಜನರು ಇಬ್ಭಾಗವಾಗಿದ್ದರು. ಒಂದು ಪಕ್ಷದ ಅಧಿಕಾರಿಯಾಗಿ ಬಂದ ವಾಜರು ಎದುರುಪಕ್ಷದವರೊಡನೆ ವಿನಯದಿಂದಲೇ ನಡೆದುಕೊಂಡರು. ಕೆಟ್ಟುಹೋದ ಇಗರ್ಜಿಗಳನ್ನು ಸರಿಪಡಿಸಿದರು. ಹೊನ್ನಾವರವೂ ಅವುಗಳಲ್ಲಿ ಸೇರಿತ್ತು.

ಅವರ ಮುಂದಿನ ಬಾಳು ಇದಕ್ಕೆ ಭಾಷ್ಯದಂತಿದೆ. 1687ರಲ್ಲಿ ಅವರು ಬಡಕೂಲಿಯ ವೇಷದಲ್ಲಿ ಸಿಂಹಳಕ್ಕೆ ಹೋದರು. ಗೂಢಚಾರನೆಂಬ ಸಂಶಯದಿಂದ ಕ್ಯಾಂಡಿಯ ಅರಸನು ಅವರನ್ನು ಸೆರೆಯಲ್ಲಿಟ್ಟನು. ಅವರು ಆ ಸೆರೆಯಲ್ಲಿ ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂದು, ಬಂಧುಗಳೇ ರೋಗಿಗಳನ್ನು ಕಾಡಿಗೆ ಬಿಟ್ಟಾಗ, ಹಿಂದೆ ಸೆರೆಯಾಳಾಗಿದ್ದ ಇವರು ಗುಡಿಸಲು ಕಟ್ಟಿ ಆ ರೋಗಿಗಳ ಶುಶ್ರೂಷೆ ಮಾಡಿದರು. ತನ್ನನ್ನು ಸಂಶಯಿಸಿದ ಊರಿನ ಹುಣ್ಣನ್ನು ತೊಳೆಯುವದು ಒಂದು ದಿನದ ಸಾಹಸವಲ್ಲ. ಪ್ರತಿದಿನ ಬೆಳಿಗ್ಗೆ ಹೊಸದಾಗಿ ಮಾಡಬೇಕಾದ ನಿರ್ಧಾರ. 1711ರಲ್ಲಿ ಕ್ಯಾಂಡಿಯಲ್ಲಿಯೇ ಅವರು ತೀರಿಕೊಂಡರು. 2015ರಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಗೊಲ್ಗೊಥಾದ ಒಂದು ದಿನಕ್ಕೆ ಒದಗಿದ ಪ್ರೌಢ ಕವಿತ್ವವು ಇಂಥ ಸಾವಿರಾರು ದಿನಗಳ ಬಾಳಿಗೂ ಒದಗತಕ್ಕದ್ದು.

ಈ ಶಬ್ದವಿಚಾರದಿಂದ ಇಂದಿನ ಸಂಸಾರಿಗಳಿಗೆ ಏನು ಪ್ರಯೋಜನವೆಂದು ಕೇಳುವವರಿಗೆ ಈ ಮೂರು ಊರುಗಳ ಇತ್ತೀಚಿನ ಚರಿತ್ರೆಯೇ ಉತ್ತರ ಕೊಡುವದು. 1993ರಲ್ಲಿ ಭಟಕಳವು ಮತೀಯ ಗಲಭೆಯಲ್ಲಿ ತಿಂಗಳುಗಟ್ಟಲೆ ಬೆಂದಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಕಾಣೆಯಾಗಿದ್ದ ತರುಣನೊಬ್ಬನ ಶವವು ಕೆರೆಯಲ್ಲಿ ದೊರೆತಾಗ, ಕೊಲೆಯೆಂಬ ಸುದ್ದಿ ಹಬ್ಬಿ, ಕುಮಟೆ ಶಿರಸಿಗಳ ವರೆಗೆ ಕಲ್ಲು ಬೆಂಕಿಗಳು ಹರಡಿದವು. ಕೇಂದ್ರ ತನಿಖಾ ಸಂಸ್ಥೆಯು 2022ರಲ್ಲಿ ಸಲ್ಲಿಸಿದ ವರದಿಯು ಅದನ್ನು ಆಕಸ್ಮಿಕ ಮರಣವೆಂದು ಹೇಳಿತು. ಸುದ್ದಿಗೆ ಬೇಕಾದದ್ದು ಕೆಲವು ಗಂಟೆಗಳು. ವಿಚಾರಣೆಗೆ ಹಿಡಿದದ್ದು ಸುಮಾರು ಐದು ವರ್ಷಗಳು. ಈ ಎರಡರ ನಡುವಣ ಅಂತರವನ್ನು ಸಿಟ್ಟಿಲ್ಲದೆ ದಾಟುವ ಶಕ್ತಿಗೆ ಕನ್ನಡದಲ್ಲಿ ದೀರ್ಘಶಾಂತಿಯೆಂದು ಹೆಸರು. ಅದು ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರಿಗೂ ಬೇಕಾದದ್ದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತಾಳ್ಮೆಯ ಉಪದೇಶವು ಸಾಮಾನ್ಯವಾಗಿ ಇಳಿಜಾರಿನಲ್ಲಿ ಹರಿಯುವದು: ಅತ್ತೆಯಿಂದ ಸೊಸೆಗೆ, ಒಡೆಯನಿಂದ ಆಳಿಗೆ, ಬಹುಜನರಿಂದ ಅಲ್ಪರಿಗೆ. ಮಗನನ್ನು ಕಳಕೊಂಡ ಮನೆಗೆ ಹೋಗಿ ತಾಳ್ಮೆಯನ್ನು ಬೋಧಿಸುವದು ಸುಲಭ, ಆದರೆ ಉಚಿತವಲ್ಲ. ಆ ಮನೆಯ ದುಃಖಕ್ಕೆ ತಾನು ಕಿವಿಗೊಟ್ಟು ತಾಳಬೇಕಾದವನು ಬೋಧಕನೇ. ಅನ್ಯಾಯಕ್ಕೊಳಗಾದವನು ನ್ಯಾಯವನ್ನು ಕೇಳುವದು ತಾಳ್ಮೆಗೆಡುವದಲ್ಲ. ಬೈಬಲಿನ ಕನ್ನಡವು ದೀರ್ಘಶಾಂತಿಯನ್ನು ಮೊದಲು ದೇವರಿಗೆ, ಅಂದರೆ ಎಲ್ಲರಿಗಿಂತ ಬಲಿಷ್ಠನಿಗೆ, ಹೇಳಿದುದರಲ್ಲಿ ಈ ವಿವೇಕವು ಅಡಗಿದೆ.

ಆದುದರಿಂದ ಕ್ರೈಸ್ತ ಪ್ರೀತಿಯನ್ನು ಕುರಿತು ಇನ್ನು ಬರೆಯುವವರು ಶಿಲುಬೆಯ ಬೆಟ್ಟವನ್ನು ಮರೆಯದೆ, ಅದರ ತಪ್ಪಲಲ್ಲಿರುವ ಮನೆಗಳನ್ನೂ ಕಾಣಬೇಕು. ಆಳಿನ ತಪ್ಪನ್ನು ನಾಳೆಗೆ ಬಿಡುವ ಯಜಮಾನ, ಸೊಸೆಯ ಮಾತು ಮುಗಿಯುವ ತನಕ ಸುಮ್ಮನಿರುವ ಅತ್ತೆ, ಪೇಟೆಯ ಸುದ್ದಿಯನ್ನು ಕೇಳಿ ನೆರೆಯವನ ಬಾಗಿಲಿಗೆ ಹೋಗಿ ವಿಚಾರಿಸುವ ಗೃಹಸ್ಥ ಇವರು ಕಾವ್ಯಕ್ಕೆ ತಕ್ಕ ನಾಯಕರೇ. ಪ್ರತಿವರ್ಷ ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಇಗರ್ಜಿಯ ಹಬ್ಬಕ್ಕೆ ಅನ್ಯಮತದವರೂ ಹರಕೆ ಹೊತ್ತು ಬರುವರು. ಅಂಥ ಜನರ ನಡುವೆ ಈ ಶಬ್ದಕ್ಕೆ ಅರ್ಥ ಹೇಳುವದು ಕಷ್ಟವಾಗದು. ಅದನ್ನು ಪುಸ್ತಕದ ಪದವಾಗಿ ಬಿಡದೆ ಆಡುಮಾತನ್ನಾಗಿ ಮಾಡುವ ಕೆಲಸ ಮಾತ್ರ ಉಳಿದಿದೆ.