ಯಾರೂ ಓದದ ವಿಮರ್ಶೆಗೆ ಹತ್ತು ಅಂಕ

ಇತ್ತೀಚಿನ ವರ್ಷಗಳಲ್ಲಿ ಬಂದ ವಿಚಾರ ಸಂಕಿರಣದ ಸಂಪುಟಗಳನ್ನು ತೆರೆದರೆ ಮೊದಲ ಪುಟದಲ್ಲೇ ಎದುರಾಗುವ ವಾಕ್ಯವೊಂದಿದೆ: ‘ಪ್ರಸ್ತುತ ಲೇಖನದಲ್ಲಿ ಇಂಥವರ ಕಾದಂಬರಿಗಳಲ್ಲಿನ ಸ್ತ್ರೀ ಸಂವೇದನೆಯನ್ನು ಗುರುತಿಸುವ ಪ್ರಯತ್ನ ಮಾಡಲಾಗಿದೆ.’ ಲೇಖಕರ ಹೆಸರು ಬದಲಾಗುತ್ತದೆ. ಸ್ತ್ರೀ ಸಂವೇದನೆಯ ಜಾಗಕ್ಕೆ ಪರಿಸರ ಪ್ರಜ್ಞೆಯೋ ದೇಸಿ ಚಿಂತನೆಯೋ ಬಂದು ಕೂರುತ್ತದೆ. ‘ಮಾಡಲಾಗಿದೆ’ ಮಾತ್ರ ಕದಲುವುದಿಲ್ಲ. ಪ್ರಯತ್ನ ಮಾಡಿದವರು ಯಾರು, ಯಾರಿಗಾಗಿ ಮಾಡಿದರು, ಮಾಡುವಾಗ ಅವರಿಗೆ ಏನನ್ನಿಸಿತು ಎಂಬ ಯಾವ ಪ್ರಶ್ನೆಗೂ ಆ ಕ್ರಿಯಾಪದ ಉತ್ತರ ಕೊಡುವುದಿಲ್ಲ.

ಇದನ್ನು ಬರೆದವರ ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದೇ ವಾಕ್ಯ ನೂರಾರು ಜನರ ಕೈಯಿಂದ ಬರುತ್ತಿದ್ದರೆ ಅದರ ಹಿಂದೆ ಒಂದು ವ್ಯವಸ್ಥೆ ಇರಲೇಬೇಕು. ಆ ವ್ಯವಸ್ಥೆ ಅಧ್ಯಾಪಕರ ಬಡ್ತಿಯ ಅಂಕಪಟ್ಟಿ. ಅದನ್ನೂ ಒಂದು ಪಠ್ಯವೆಂದು ಓದಿದರೆ ನಮ್ಮ ವಿಮರ್ಶೆ ಹೀಗೇಕಾಯಿತು ಎಂಬುದಕ್ಕೆ ಕೆಲವು ಸುಳಿವು ಸಿಗುತ್ತವೆ.

2010ರಲ್ಲಿ ಯುಜಿಸಿ ಎಪಿಐ ಎಂಬ ಅಂಕ ಪದ್ಧತಿಯನ್ನು ತಂದಿತು. ಪಾಠ, ಕಾಲೇಜಿನ ಇತರ ಕೆಲಸ, ಸಂಶೋಧನೆ ಮೂರಕ್ಕೂ ಅಂಕ. 2018ರ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರ ಮೇಲಿನ ಸಂಶೋಧನೆಯ ಒತ್ತಡ ತಗ್ಗಿತು, ವಿಶ್ವವಿದ್ಯಾಲಯಗಳಲ್ಲಿ ‘ಸಂಶೋಧನಾ ಅಂಕ’ ಉಳಿಯಿತು. ಸಹ ಪ್ರಾಧ್ಯಾಪಕರು ಪ್ರಾಧ್ಯಾಪಕರಾಗಬೇಕಾದರೆ ಕನಿಷ್ಠ 10 ಪ್ರಕಟಣೆಗಳು ಬೇಕು, 110 ಅಂಕ ಬೇಕು. ಭಾಷೆ, ಸಾಹಿತ್ಯ, ಸಮಾಜ ವಿಜ್ಞಾನಗಳಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ರಾಷ್ಟ್ರಮಟ್ಟದ ಪ್ರಕಾಶಕರಿಂದ ಬಂದ ಸ್ವಂತ ಪುಸ್ತಕಕ್ಕೂ 10. ಒಂದು ಇಡೀ ಪುಸ್ತಕದ ಅನುವಾದಕ್ಕೆ 8.

ಈ ಕೊನೆಯ ಸಾಲಿನ ಹತ್ತಿರ ಸ್ವಲ್ಪ ನಿಲ್ಲೋಣ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ ಕೊಟ್ಟ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯದ ನಡಿಗೆಯನ್ನೇ ಬದಲಿಸಿತು. ಅದು ಅನುವಾದ, ರೂಪಾಂತರಗಳ ಪುಸ್ತಕ. ಇಂದು ಒಬ್ಬ ಅಧ್ಯಾಪಕರು ಅಂಥ ಕೆಲಸಕ್ಕೆ ಕೈಹಾಕಿದರೆ ಸಿಗುವುದು ಎಂಟು ಅಂಕ. ಅದೇ ಪುಸ್ತಕದ ಬಗ್ಗೆ ಆರು ಪುಟದ ಲೇಖನ ಬರೆದರೆ ಹತ್ತು. ಯಾವುದು ಲಾಭ ಎಂದು ಅಧ್ಯಾಪಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಾಲು ‘ಪುಸ್ತಕದ ಸಂಪಾದಕರು’ ಎಂಬುದು. ಇದಕ್ಕೂ ರಾಷ್ಟ್ರಮಟ್ಟದ ಪ್ರಕಾಶಕರಾದರೆ 8. ಕನ್ನಡದಲ್ಲಿ ‘ಸಂಪಾದನೆ’ ಎಂಬ ಮಾತಿಗೆ ಎರಡು ವಿದ್ವತ್ತಿನ ಅರ್ಥಗಳಿವೆ. ಹತ್ತಿಪ್ಪತ್ತು ಜನರ ಲೇಖನ ಕೂಡಿಸಿ ಮುನ್ನುಡಿ ಬರೆಯುವುದು ಒಂದು. ಡಿ.ಎಲ್. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯ ವಿಷಯದಲ್ಲಿ ಮಾಡಿದ್ದು ಇನ್ನೊಂದು: ಹಸ್ತಪ್ರತಿಗಳನ್ನು ಎದುರುಬದುರಿಟ್ಟು, ಪಾಠಾಂತರಗಳನ್ನು ತೂಗಿ, ಹಳಗನ್ನಡದ ಒಂದು ಗದ್ಯಕೃತಿಯನ್ನು ನಮ್ಮ ಕೈಗೆ ಓದಲು ಬರುವಂತೆ ಕೊಡುವುದು. ಅಂಕಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಾಲು. ಸಂಪಾದನೆ ಎಂಬ ಮಾತಿಗೆ ಗಳಿಕೆ ಎಂಬ ಮೂರನೆಯ ಅರ್ಥವೂ ಇದೆಯಲ್ಲ, ಪಟ್ಟಿಗೆ ಗೊತ್ತಿರುವುದು ಬಹುಶಃ ಅದೊಂದೇ.

ಪುಸ್ತಕ ವಿಮರ್ಶೆಗಂತೂ ಆ ಕೋಷ್ಟಕದಲ್ಲಿ ಸಾಲೇ ಇಲ್ಲ. ಹೊಸ ಕವಿಯೊಬ್ಬರ ಮೊದಲ ಸಂಕಲನವನ್ನು ಓದಿ, ಇದು ಇಲ್ಲಿ ಗೆದ್ದಿದೆ, ಇಲ್ಲಿ ಸೋತಿದೆ ಎಂದು ಎರಡು ಪುಟ ಬರೆಯುವುದು ವಿಮರ್ಶೆಯ ಮೂಲ ಕೆಲಸ. ತಪ್ಪಾಗುವ ಅಪಾಯ ಹೆಚ್ಚಿರುವ ಕೆಲಸವೂ ಹೌದು. ಬಡ್ತಿಯ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ.

ಜಂಟಿ ಲೇಖನಗಳ ಗಣಿತ ಇನ್ನೂ ವಿಚಿತ್ರ. ಇಬ್ಬರು ಸೇರಿ ಬರೆದರೆ ತಲಾ ಶೇ. 70 ಅಂಕ. ಅಂದರೆ ಹತ್ತು ಅಂಕದ ಲೇಖನಕ್ಕೆ ಎರಡು ಹೆಸರು ಹಾಕಿದ ಕೂಡಲೇ ಒಟ್ಟು ಹದಿನಾಲ್ಕು ಅಂಕ ಹುಟ್ಟುತ್ತವೆ. ಪ್ರಯೋಗಾಲಯದಲ್ಲಿ ನಾಲ್ಕು ಜನ ಕೂಡಿ ಕೆಲಸ ಮಾಡುವ ವಿಜ್ಞಾನಗಳಲ್ಲಿ ಈ ಹಂಚಿಕೆಗೆ ಅರ್ಥವಿದೆ. ಒಂದು ಕವಿತೆಯ ಮುಂದೆ ಒಬ್ಬರೇ ಕೂತು ಓದುವ ನಮ್ಮ ಕೆಲಸಕ್ಕೂ ಅದೇ ಅಳತೆಗೋಲು ಬಂದಿದೆ.

ಇಷ್ಟೆಲ್ಲ ಹೇಳುವಾಗ ‘ಹಿಂದಿನ ಕಾಲ ಚೆನ್ನಾಗಿತ್ತು’ ಎಂಬ ರಾಗಕ್ಕೆ ಜಾರುವ ಅಪಾಯವಿದೆ. ಹಿಂದಿನ ಕಾಲದ ಒಂದು ಚಿತ್ರವನ್ನು ನಾವು ಪ್ರೀತಿಯಿಂದ ನೆನೆಯುತ್ತೇವೆ. ಟಿ.ಎಸ್. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ, ಬೆಳೆಸಿದ್ದು ಹೆಚ್ಚು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನು ಅರ್ಪಿಸಿದ್ದು ಆ ಗುರುವಿಗೆ. ಶಿಷ್ಯನ ಮಹಾಕಾವ್ಯದ ಅರ್ಪಣೆಗೆ ಯಾವ ಕೋಷ್ಟಕವೂ ಅಂಕ ಕೊಡಲಾರದು, ನಿಜ. ಆದರೆ ಅಂಕವಿಲ್ಲದ ಕಾಲದಲ್ಲಿ ಎಲ್ಲ ಕಡೆ ವೆಂಕಣ್ಣಯ್ಯನವರೇ ಇದ್ದರು ಎಂದು ಭಾವಿಸುವುದು ತಪ್ಪು. ಬಡ್ತಿ ಎಂಬುದು ಜಾತಿ, ಊರು, ಗುರುಪರಂಪರೆ, ಮುಖ್ಯಸ್ಥರ ಮರ್ಜಿ ಇವುಗಳ ಮೇಲೆ ನಿಂತಿದ್ದ ಕಥೆಗಳು ಪ್ರತಿ ವಿಭಾಗದ ಕಾರಿಡಾರಿನಲ್ಲೂ ಇವೆ. ‘ಇವರ ವಿದ್ವತ್ತು ನಮಗೆ ಗೊತ್ತು’ ಎಂಬ ಮಾತು ಯಾರ ಪರವಾಗಿ ಬರುತ್ತಿತ್ತು, ಯಾರ ಪರವಾಗಿ ಬರುತ್ತಿರಲಿಲ್ಲ ಎಂಬುದು ಮೊದಲ ತಲೆಮಾರಿನಲ್ಲಿ ಓದಿ ಅಧ್ಯಾಪಕರಾದ ದಲಿತರಿಗೆ, ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಅಂಥವರಿಗೆ ಅಂಕ ಒಂದು ಆಧಾರ. ‘ನನಗೆ 110 ಇದೆ, ಯಾಕೆ ಕೊಡಲಿಲ್ಲ?’ ಎಂದು ಅರ್ಜಿ ಹಾಕಿ ಕೇಳಬಹುದು. ರುಚಿಯನ್ನು ಹಾಗೆ ಪ್ರಶ್ನಿಸಲು ಬರುವುದಿಲ್ಲ.

ಆದ್ದರಿಂದ ಅಂಕಪಟ್ಟಿಯ ಮೇಲಿನ ನನ್ನ ತಕರಾರು ಅದು ಲೆಕ್ಕ ಹಾಕುತ್ತದೆ ಎಂಬುದಲ್ಲ. ಓದುವ ಕೆಲಸದಿಂದ ಅದು ಎಲ್ಲರನ್ನೂ ಬಿಡುಗಡೆ ಮಾಡುತ್ತದೆ ಎಂಬುದು. ಲೇಖನ ಐಎಸ್‌ಎಸ್‌ಎನ್ ಇರುವ ಪತ್ರಿಕೆಯಲ್ಲಿ ಬಂದಿದೆಯೇ? ಪತ್ರಿಕೆ ಪಟ್ಟಿಯಲ್ಲಿದೆಯೇ? ಹೌದಾದರೆ ಮುಗಿಯಿತು. ಪರಿಶೀಲಿಸುವವರು ಮುಖಪುಟ, ಒಳಪುಟ, ವಿಷಯಸೂಚಿ ನೋಡಿ ಟಿಕ್ ಹಾಕಬಹುದು. ಲೇಖನದ ಎರಡನೆಯ ಪ್ಯಾರಾಕ್ಕೆ ಯಾರೂ ಹೋಗಬೇಕಾಗಿಲ್ಲ. ಯಾರೂ ಹೋಗುವುದಿಲ್ಲ ಎಂದು ಬರೆಯುವವರಿಗೂ ಗೊತ್ತು. ‘ಮಾಡಲಾಗಿದೆ’ ಎಂಬುದು ಓದುಗರಿಲ್ಲವೆಂದು ಖಾತ್ರಿಯಾದವರ ಭಾಷೆ.

ಓದುವ ಹೊಣೆಯನ್ನು ಪಟ್ಟಿಗೆ ವಹಿಸಿದ್ದರಿಂದ ಏನಾಯಿತು ಎಂಬುದು ಈಗ ಇತಿಹಾಸ. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಒಪ್ಪಿದ್ದ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ ಕೇರ್ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆಯನ್ನು ಆಯಾ ವಿಶ್ವವಿದ್ಯಾಲಯಗಳಿಗೇ ಬಿಡಲಾಯಿತು. ಸುತ್ತಿ ಸುತ್ತಿ ಮತ್ತೆ ಬಂದು ನಿಂತದ್ದು ಅದೇ ಪ್ರಶ್ನೆಯ ಮುಂದೆ: ಯಾರಾದರೂ ಓದಬೇಕಲ್ಲ?

ಕನ್ನಡ ವಿಮರ್ಶೆಗೆ ಓದುಗರು ಎಲ್ಲಿ ಸಿಗುತ್ತಿದ್ದರು ಎಂದು ನೆನಪಿಸಿಕೊಂಡರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’, ಚಂಪಾ ಅವರ ‘ಸಂಕ್ರಮಣ’, ಅನಂತಮೂರ್ತಿಯವರ ‘ರುಜುವಾತು’ ಇವುಗಳಲ್ಲಿ ಬರೆದವರಲ್ಲಿ ಅನೇಕರು ಅಧ್ಯಾಪಕರೇ. ಆದರೆ ಅವರು ಬರೆದದ್ದು ಸಮಿತಿಗಲ್ಲ. ಬರೆದದ್ದು ಒಪ್ಪಿಗೆಯಾಗದಿದ್ದರೆ ಜಗಳಕ್ಕೆ ಬರುವ ಓದುಗರಿಗೆ, ಇನ್ನೊಬ್ಬ ಬರಹಗಾರರಿಗೆ. ಕೀರ್ತಿನಾಥ ಕುರ್ತಕೋಟಿಯವರು ಗುಜರಾತಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಅವರ ಪುಸ್ತಕ ಹೊರತಂದ ಧಾರವಾಡದ ಮನೋಹರ ಗ್ರಂಥಮಾಲೆಯಂಥ ಪ್ರಕಾಶನವನ್ನು ಇಂದಿನ ಸಮಿತಿಯೊಂದು ‘ರಾಷ್ಟ್ರಮಟ್ಟ’ದ್ದು ಎನ್ನುತ್ತದೆಯೋ ‘ಸ್ಥಳೀಯ’ ಎನ್ನುತ್ತದೆಯೋ ಹೇಳಲಾಗದು. 2010ರ ಪಟ್ಟಿಯಲ್ಲಿ ಈ ವ್ಯತ್ಯಾಸಕ್ಕೆ ಪುಸ್ತಕವೊಂದಕ್ಕೆ ಹತ್ತು ಅಂಕಗಳ ಬೆಲೆಯಿತ್ತು: ಒಂದಕ್ಕೆ 25, ಇನ್ನೊಂದಕ್ಕೆ 15.

ಹಾಗಾದರೆ ದಾರಿ ಏನು? ತಮಾಷೆಯೆಂದರೆ ದಾರಿ ಅದೇ ನಿಯಮಗಳ ಒಳಗೇ ಇತ್ತು. 2010ರ ನಿಯಮ ಪ್ರಾಧ್ಯಾಪಕ ಹುದ್ದೆಯ ಅಭ್ಯರ್ಥಿಗಳಿಂದ ಐದು ಮುಖ್ಯ ಪ್ರಕಟಣೆಗಳ ಪ್ರತಿ ಕೇಳುತ್ತದೆ, ಸಂದರ್ಶನಕ್ಕೆ ಮೊದಲೇ ಅವುಗಳನ್ನು ವಿಷಯ ತಜ್ಞರಿಗೆ ಕೊಡಬೇಕು ಎನ್ನುತ್ತದೆ. ಇದೊಂದೇ ಸಾಲಿನಲ್ಲಿ ನಿಯಮ ಮಾಡಿದವರಿಗೆ ಓದು ನೆನಪಾಗಿದೆ. ಆದರೆ ಕೋಷ್ಟಕ ಮುಂದೆ ಬಂತು, ಈ ಸಾಲು ಹಿಂದೆ ಉಳಿಯಿತು. ಅದನ್ನೇ ಮುಂದಕ್ಕೆ ತಂದರೆ ಸಾಕು. ಹತ್ತು ಲೇಖನ ಬೇಡ, ಅಭ್ಯರ್ಥಿಯೇ ಆರಿಸಿಕೊಟ್ಟ ಮೂರು ಸಾಕು. ಅದು ಅನುವಾದವಾಗಿರಲಿ, ಗ್ರಂಥ ಸಂಪಾದನೆಯಾಗಿರಲಿ, ವಾರಪತ್ರಿಕೆಯ ಪುಸ್ತಕ ವಿಮರ್ಶೆಯೇ ಆಗಿರಲಿ. ತಜ್ಞರು ಪ್ರತಿಯೊಂದನ್ನೂ ಓದಿ ಒಂದೊಂದು ಪುಟ ಬರೆಯಲಿ, ಹೆಸರು ಹಾಕಿ ಸಹಿ ಮಾಡಲಿ. ಆ ಪುಟ ಅಭ್ಯರ್ಥಿಗೂ ಸಿಗಲಿ. ಆಗ ರುಚಿಯ ಹೆಸರಿನಲ್ಲಿ ಪಕ್ಷಪಾತ ಮಾಡುವವರು ಕಾರಣ ಕೊಡಬೇಕಾಗುತ್ತದೆ. ಕಾರಣ ಸಮವೇ ಅಲ್ಲವೇ ಎಂದು ಬೇರೆಯವರು ಪರೀಕ್ಷಿಸಬಹುದು. ವಿಮರ್ಶೆ ಎಂದು ನಾವು ತರಗತಿಯಲ್ಲಿ ಕಲಿಸುವುದು ಇದನ್ನೇ ತಾನೆ?

2025ರ ಜನವರಿಯಲ್ಲಿ ಬಂದ ಯುಜಿಸಿ ಕರಡು ಅಂಕಗಳ ಬದಲು ‘ಗಮನಾರ್ಹ ಕೊಡುಗೆ’ಗಳ ಒಂಬತ್ತು ಕ್ಷೇತ್ರ ಹೆಸರಿಸಿ, ಅವುಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಕೆಲಸ ತೋರಿಸಲು ಹೇಳಿತು. ಭಾರತೀಯ ಭಾಷೆಗಳಲ್ಲಿ ಬೋಧನೆಯೂ ಅದರಲ್ಲಿದೆ, ನವೋದ್ಯಮವೂ ಇದೆ. ಕನ್ನಡಕ್ಕೊಂದು ಸಾಲು ಸಿಕ್ಕಿತೆಂದು ಸಂತೋಷಪಡಬಹುದು. ಆದರೆ ಆ ಕೊಡುಗೆ ಗಮನಾರ್ಹವೇ ಅಲ್ಲವೇ ಎಂದು ತೀರ್ಮಾನಿಸುವವರು ಅದನ್ನು ಓದದೆ ಹೋದರೆ, ಹಳೆಯ ಕೋಷ್ಟಕದ ಜಾಗದಲ್ಲಿ ಹಳೆಯ ಮರ್ಜಿ ಬಂದು ಕೂರುತ್ತದೆ. ಅಂಕದ ಆಸರೆಯೂ ಹೋಗಿರುತ್ತದೆ.

ವಿದ್ಯಾರ್ಥಿಗಳಿಗೆ ಇದರಲ್ಲೇನು ಎಂದು ಕೇಳಬಹುದು. ಎಂ.ಎ. ಎರಡನೆಯ ವರ್ಷದ ಕಿರುಪ್ರಬಂಧಗಳನ್ನು ತೆರೆದು ನೋಡಿ. ಇನ್ನೂ ಯಾವ ಬಡ್ತಿಯ ಅಗತ್ಯವೂ ಇಲ್ಲದ ಇಪ್ಪತ್ತೆರಡರ ಹುಡುಗಿಯೊಬ್ಬಳು ತಾನು ರಾತ್ರಿಯಿಡೀ ನಿದ್ದೆಗೆಟ್ಟು ಓದಿದ ಕಾದಂಬರಿಯ ಬಗ್ಗೆ ‘ಗುರುತಿಸುವ ಪ್ರಯತ್ನ ಮಾಡಲಾಗಿದೆ’ ಎಂದು ಬರೆದಿರುತ್ತಾಳೆ. ಅವಳಿಗೆ ಆ ವಾಕ್ಯ ಕಲಿಸಿದವರು ನಾವು. ‘ನಾನು ಓದಿದೆ, ನನಗೆ ಹೀಗನ್ನಿಸಿತು, ಕಾರಣ ಇದು’ ಎಂದು ಅವಳು ಬರೆಯಬೇಕಾದರೆ, ಬರೆದದ್ದನ್ನು ಒಬ್ಬರಾದರೂ ಓದುತ್ತಾರೆ ಎಂಬ ನಂಬಿಕೆಯನ್ನು ಮೊದಲು ನಾವು ಅವಳಿಗೆ ಕೊಡಬೇಕು.