ಡಿ'ಸೋಜಾ ಎಂದು ಹುಡುಕಿ ನೋಡಿ

ಕರಾವಳಿಯಿಂದ ಬಂದು ಥಾಣೆ, ಕಲ್ಯಾಣ್ ಕಡೆ ನೆಲೆಸಿದವರಲ್ಲಿ ಡಿ'ಸೋಜಾ, ಡಿ'ಸಿಲ್ವಾ, ಡಿ'ಕುನ್ಹಾಗಳಿದ್ದಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಪಕ್ಕ ಮೇಲೊಂದು ಪುಟ್ಟ ಕೊಕ್ಕೆ ಬರುತ್ತದಲ್ಲ, ಪಿಎಚ್‌ಪಿಯಲ್ಲಿ ಬರೆದ, ಸಂಘದ ಸದಸ್ಯರ ಹಳೆಯ ಪಟ್ಟಿಯನ್ನು ಪರೀಕ್ಷಿಸಲು ಅದೇ ಸಾಕು. ಶೆಟ್ಟಿ, ಪೂಜಾರಿ, ಕುಲಕರ್ಣಿ ಎಂದು ಹುಡುಕಿದರೆ ಹೆಸರುಗಳು ಸರಾಗವಾಗಿ ಬರುತ್ತವೆ. ಡಿ'ಸೋಜಾ ಎಂದರೆ ಖಾಲಿ ಪುಟ.

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಕಂಪನಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ರಜೆಯಲ್ಲಿ ಸಂಘಗಳಿಗೆ ಇಂಥ ಪಟ್ಟಿ ಮಾಡಿಕೊಡುತ್ತಾರೆ. ಅವರಲ್ಲಿ ನನ್ನದೊಂದೇ ಒತ್ತಾಯ: ಕೋಡ್‌ಗೆ ಕೈ ಹಚ್ಚುವ ಮೊದಲು ಡೇಟಾಬೇಸ್‌ಗೆ ನಿಜಕ್ಕೂ ಹೋದ ಕ್ವೆರಿಯನ್ನು ಪ್ರಿಂಟ್ ಮಾಡಿ ನೋಡಿ, ಅದು ಕೊಟ್ಟ ಉತ್ತರವನ್ನು ಪೂರ್ತಿ ಓದಿ.

ಹೆಸರನ್ನು ಎರಡು ಕೊಕ್ಕೆಗಳ ನಡುವೆ ಅಂಟಿಸಿದ ಕ್ವೆರಿಯಲ್ಲಿ ಡಿ ಆದೊಡನೆ ಹೆಸರು ಮುಗಿಯಿತೆಂದು ಮೈಎಸ್‌ಕ್ಯೂಎಲ್ ತಿಳಿಯುತ್ತದೆ. ಮುಂದಿನ 'ಸೋಜಾ' ಅದಕ್ಕೆ ಅರ್ಥವಾಗದು. 1064 ಎಂಬ ದೋಷಸಂಖ್ಯೆ ಕೊಟ್ಟು, ಓದು ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ತುಣುಕನ್ನು ತೋರಿಸುತ್ತದೆ. ಅನೇಕರು ಆ ತುಣುಕಿನೊಳಗೇ ತಪ್ಪು ಹುಡುಕುತ್ತಾರೆ. ಇಲ್ಲಿ ನೋಡಬೇಕಾದ್ದು ಅದರ ಹಿಂದಿನ ಅಕ್ಷರ. 2021ರ ಪಿಎಚ್‌ಪಿ 8.1ರಿಂದೀಚೆಗೆ, ಪಿಎಚ್‌ಪಿಯನ್ನು ಮೈಎಸ್‌ಕ್ಯೂಎಲ್‌ಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಐ ಇಂಥ ದೋಷವನ್ನು ತಾನಾಗಿಯೇ ಎಕ್ಸೆಪ್ಶನ್ ಆಗಿ ಎತ್ತಿ ಹೇಳುತ್ತದೆ. ಹಳೆಯ ಆವೃತ್ತಿಗಳಲ್ಲಿ ನಾವು ಕೇಳದಿದ್ದರೆ ಸುಮ್ಮನಿರುತ್ತದೆ.

ಕೊಕ್ಕೆಯನ್ನೇ ಕಿತ್ತುಹಾಕುವ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಯಾರದೇ ಹೆಸರನ್ನು ತಿದ್ದುವ ಹಕ್ಕು ಪ್ರೋಗ್ರಾಮ್ ಬರೆಯುವವರಿಗಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ ಕ್ವೆರಿಯಲ್ಲಿ ಹೆಸರಿನ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಡಿ, ಹೆಸರನ್ನು ಬೇರೆಯಾಗಿ ಕಳಿಸಿ. ಎಸ್‌ಕ್ಯೂಎಲ್ ಇಂಜೆಕ್ಷನ್ ಮಾಡುವವರು ನುಸುಳುವ ಕಿಂಡಿಯೂ ಅದರಿಂದಲೇ ಮುಚ್ಚುತ್ತದೆ.

ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುವುದು ಇನ್ನೊಂದು ಕಾಯಿಲೆ. ಮೈಎಸ್‌ಕ್ಯೂಎಲ್ 8.0 ಬರುವವರೆಗೆ ಟೇಬಲ್‌ಗಳು ತಾವಾಗಿಯೇ ಲ್ಯಾಟಿನ್1 ಹಿಡಿಯುತ್ತಿದ್ದವು, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಪರದೆಯನ್ನು ನಂಬದೆ ಹೆಕ್ಸ್ ಫಂಕ್ಷನ್‌ನಿಂದ ಒಳಗಿನ ಬೈಟ್‌ಗಳನ್ನು ತೆಗೆಸಿ. 'ಕ' ಅಕ್ಷರಕ್ಕೆ ಇ0ಬಿ295 ಬಂದರೆ ದತ್ತಾಂಶ ಸುರಕ್ಷಿತ, ಸಂಪರ್ಕವನ್ನು ಯುಟಿಎಫ್8ಎಂಬಿ4ಕ್ಕೆ ಹೊಂದಿಸಿದರೆ ಸಾಕು. ಸಾಲಾಗಿ 3ಎಫ್ ಬಂದರೆ ಅಕ್ಷರಗಳು ಹೋದವೇ. ಕಾಗದದ ಅರ್ಜಿಗಳನ್ನು ತೆಗೆದು ಮತ್ತೆ ಟೈಪ್ ಮಾಡಬೇಕು. ಸಿ3ಎ0 ಎಂದು ಶುರುವಾದರೆ ಎರಡು ಸಲ ಪರಿವರ್ತನೆಯಾಗಿದೆ ಎಂದರ್ಥ. ಅದನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು, ಮೊದಲು ಬ್ಯಾಕಪ್ ತೆಗೆದಿಟ್ಟುಕೊಂಡು.