ಚಿತ್ರದ ಬೆನ್ನಿನಲ್ಲಿ ಇಲ್ಲದ ಹೆಸರುಗಳು

ಹಳೆಯ ಕಪ್ಪು ಬಿಳುಪು ಛಾಯಾಚಿತ್ರಗಳ ಪ್ರತಿಗಳನ್ನು ಸಂಗ್ರಹಿಸುವುದು ಒಳ್ಳೆಯ ಹವ್ಯಾಸ. ಆದರೆ ಸಂಗ್ರಹಕ್ಕೆ ಯಾರು ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂದು ನಾವು ಕೇಳುವುದು ಕಡಿಮೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು ಒಂದು ಕಾಲಕ್ಕೆ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಈ ಕಡೆಯವರು ಹಳೆಯ ಚಿತ್ರಗಳನ್ನು ಹುಡುಕಲು ಹೊರಟರೆ ಮೊದಲು ಸಿಗುವ ಹೆಸರು ರಾಜಾ ದೀನ್‌ದಯಾಳ್. 1844ರಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತ ಈತ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ. ಪರದೆಯ ಮಹಿಳೆಯರಿಗಾಗಿ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದು ಅದನ್ನು ಇಂಗ್ಲಿಷ್ ಮಹಿಳೆಯೊಬ್ಬರ ಕೈಗೆ ಒಪ್ಪಿಸಿದ್ದ. ಈತನ 2,857 ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ 1989ರಲ್ಲಿ ಪಡೆದುಕೊಂಡಿತು. ಇಂದು ನಾವು ಕಾಣುವ ಅನೇಕ ಪ್ರತಿಗಳ ಮೂಲ ಇಂಥ ಸಂಗ್ರಹಗಳೇ.

ದೀನ್‌ದಯಾಳ್ ಗುಲ್ಬರ್ಗಾ ಕೋಟೆಯ ಮಸೀದಿಯನ್ನೂ ಸೆರೆಹಿಡಿದ. ಬೆಳಕು, ಕಮಾನು, ನೆರಳು ಎಲ್ಲವೂ ಅಚ್ಚುಕಟ್ಟು. ಆದರೆ ಕಲ್ಲು ಒಡೆದವನ ಮುಖ ಅಲ್ಲಿಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು; ಹಳಿಗೆ ಮಣ್ಣು ಹೊತ್ತವರ ಹೆಸರು ಯಾವ ಆಲ್ಬಮ್ಮಿನಲ್ಲಿದೆ? ಅದು ಛಾಯಾಗ್ರಾಹಕನ ತಪ್ಪಲ್ಲ. ಹಣ ಕೊಟ್ಟವರಿಗಾಗಿ ಆತ ಚಿತ್ರ ತೆಗೆದ. ಅದನ್ನು ಗೋಡೆಗೆ ತೂಗುಹಾಕಿ ‘ಇದೇ ನಮ್ಮ ಇತಿಹಾಸ’ ಎನ್ನುವುದು ಮಾತ್ರ ನಮ್ಮದೇ ತಪ್ಪು.

ಇನ್ನೊಂದು ಪ್ರಸಿದ್ಧ ಚಿತ್ರ ನೋಡಿ. ವಿಮಾನ ನಿಲ್ದಾಣದಲ್ಲಿ ಏಳನೆಯ ನಿಜಾಮರು ಸರ್ದಾರ್ ಪಟೇಲರಿಗೆ ಕೈಮುಗಿದು ನಿಂತಿದ್ದಾರೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಕಥೆಯೆಲ್ಲ ಈ ಒಂದು ಚೌಕಟ್ಟಿನಲ್ಲಿ ಮುಗಿಯಿತೆಂದು ನಂಬುವವರಿದ್ದಾರೆ. ಅದಕ್ಕೂ ಮುಂಚೆ ರಜಾಕಾರರ ದೌರ್ಜನ್ಯದಲ್ಲಿ ನೊಂದವರಿದ್ದರು. ಆ ಬಳಿಕ ಹಳ್ಳಿಗಳಲ್ಲಿ ಪ್ರಾಣ ಕಳೆದುಕೊಂಡ ಮುಸ್ಲಿಮರಿದ್ದರು. ಪಂಡಿತ್ ಸುಂದರ್‌ಲಾಲ್ ಸಮಿತಿಯ ವರದಿ ಸತ್ತವರನ್ನು 27ರಿಂದ 40 ಸಾವಿರ ಎಂದು ಅಂದಾಜಿಸಿತು. ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾವೂ ಒಂದು ಎಂದಿತು. ಆ ವರದಿ ದಶಕಗಳ ಕಾಲ ಸಾರ್ವಜನಿಕರಿಗೆ ಸಿಗಲಿಲ್ಲ. ಇವರಿಬ್ಬರ ನೋವೂ ನಿಲ್ದಾಣದ ಆ ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದು ಪೂರ್ತಿ ಹೇಳುವುದೂ ಇಲ್ಲ.

ಹಾಗಾದರೆ ಉಳಿದದ್ದು ಎಲ್ಲಿದೆ? ನಮ್ಮ ಮನೆಗಳ ಟ್ರಂಕಿನಲ್ಲಿ. ಗೋಡೆಗೆ ತಸ್ವೀರು ತೂಗುಹಾಕಲು ಹಿಂಜರಿಯುವ ಮನೆಯಲ್ಲೂ ಹಜ್ ಯಾತ್ರೆಯ ಪಾಸ್‌ಪೋರ್ಟಿಗೆ ತೆಗೆಸಿದ ಅಜ್ಜಿಯ ಫೋಟೋ ಇರುತ್ತದೆ. ಬಹುಶಃ ಆಕೆಯ ಒಂದೇ ಫೋಟೋ. ಗಣಿ, ಸಿಮೆಂಟ್ ಕಾರ್ಖಾನೆ, ರೈಲ್ವೆಯಲ್ಲಿ ದುಡಿದವರ ಗುಂಪುಚಿತ್ರವೂ ಅಲ್ಲೇ. ಅಂಗಡಿಯಲ್ಲಿ ಇವಕ್ಕೆ ಬೆಲೆಯಿಲ್ಲ. ಆಲ್ಬಮ್ಮಿನಿಂದ ಕಿತ್ತು, ಅಂಚು ಕತ್ತರಿಸಿ ಮಾರಿದ ದಿನವೇ ಅದರೊಳಗಿನ ಮನುಷ್ಯ ‘ಯಾರೋ ಹಳೆಯ ಕಾಲದವರು’ ಆಗಿಬಿಡುತ್ತಾನೆ.

ಆದ್ದರಿಂದ ನಿಜವಾದ ಸಂಗ್ರಾಹಕ ಖರೀದಿಸುವುದಕ್ಕಿಂತ ಹೆಚ್ಚಾಗಿ ಕೇಳಿ ಬರೆದುಕೊಳ್ಳಬೇಕು. ಮನೆಗೆ ಹೋಗಿ, ಚಿತ್ರವನ್ನು ಸ್ಕ್ಯಾನ್ ಮಾಡಿ, ಮೂಲವನ್ನು ಮನೆಯವರಿಗೇ ಹಿಂದಿರುಗಿಸಲಿ. ಇವರು ಯಾರು, ಯಾವ ಊರು, ಯಾವ ವರ್ಷ ಎಂದು ಹಿರಿಯರನ್ನು ಕೇಳಲಿ. ಅವರು ಹೇಳಿದ್ದನ್ನು ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಲಿ, ಶಾಯಿ ಒಸರುತ್ತದೆ. ಸೆಲ್ಲೋಟೇಪ್ ಅಂಟಿಸುವುದು, ಲ್ಯಾಮಿನೇಟ್ ಮಾಡಿಸುವುದು ಚಿತ್ರವನ್ನು ಕೊಲ್ಲುವ ದಾರಿಗಳು. ಬಿಸಿಲು, ತೇವದಿಂದ ದೂರವಿಡುವುದೇ ಅದರ ಔಷಧ.

ನಿಜಾಮರ ಚಿತ್ರಗಳಿಗೆ ಕಾವಲುಗಾರರಿದ್ದಾರೆ. ಶಹಾಬಾದಿನ ಕಲ್ಲು ಒಡೆದವನ ಚಿತ್ರಕ್ಕೆ ಇರುವುದು ಅವನ ಮೊಮ್ಮಗಳ ನೆನಪು ಮಾತ್ರ. ಆ ನೆನಪಿಗೂ ವಯಸ್ಸಾಗುತ್ತಿದೆ.